ಕಿವಿಯಲ್ಲಿ ಗುಂಡಿ ಇರುವ ಕರಡಿ

ಶಿರಸಿ ಮಾರಿಕಾಂಬಾ ಜಾತ್ರೆಯ ಅಂಗಡಿಗಳಲ್ಲಿ ನೇತಾಡುವ ಮೆತ್ತನೆ ಕರಡಿ ಗೊಂಬೆ ಎಲ್ಲರಿಗೂ ಗೊತ್ತು, ಅಲ್ವಾ? ಅದರ ಹಿಂದಿನ ಕಥೆ ಹುಡುಕುತ್ತ ಹೋದರೆ ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನ ಸ್ಟೈಫ್ ಮನೆತನ ಸಿಗುತ್ತದೆ. (ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲೂ ಇಂಥ ಕರಡಿ ಬಂತು.)

1847ರಲ್ಲಿ ಹುಟ್ಟಿದ ಮಾರ್ಗರೆಟೆ ಸ್ಟೈಫ್ ಅವರಿಗೆ ಎಳವೆಯಲ್ಲೇ ಪೋಲಿಯೋ ಆಯಿತು. ಕಾಲು ನಡೆಯುತ್ತಿರಲಿಲ್ಲ, ಬಲಗೈ ಎತ್ತಿದರೆ ನೋವು. ಆದರೂ ಹಟ ಹಿಡಿದು ಹೊಲಿಗೆ ಕಲಿತರು, 1877ರಲ್ಲಿ ಫೆಲ್ಟ್ (ಉಣ್ಣೆ ಒತ್ತಿ ಮಾಡಿದ) ಬಟ್ಟೆಯ ಅಂಗಡಿ ತೆರೆದರು. 1880ರಲ್ಲಿ ಸೂಜಿ ಚುಚ್ಚಿಡಲು ಅಂತ ಪುಟ್ಟ ಆನೆ ಹೊಲಿದರೆ ಮಕ್ಕಳು ಅದನ್ನೇ ಎತ್ತಿಕೊಂಡು ಆಡತೊಡಗಿದರು! ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟ ಇದೇ. ನಮ್ಮೂರಲ್ಲಿ ಮನೆಯಲ್ಲೇ ಕೂತು ಹೊಲಿಯುವ ಹೆಣ್ಣುಮಕ್ಕಳಿಗೆಲ್ಲ ಇದನ್ನು ಹೇಳಬೇಕು ಅನ್ನಿಸುತ್ತದೆ.

ಆಮೇಲೆ ಅವರ ತಮ್ಮನ ಮಕ್ಕಳು ಕೈಜೋಡಿಸಿದರು. ಅವರಲ್ಲಿ ರಿಚರ್ಡ್ ಮೃಗಾಲಯಕ್ಕೆ ಹೋಗಿ ಕರಡಿಗಳ ಚಿತ್ರ ಬಿಡಿಸಿ, 1902ರಲ್ಲಿ ಕೈಕಾಲು ತಿರುಗುವ ಕರಡಿ ಮಾಡಿದರು. ಮರುವರ್ಷ ಜರ್ಮನಿಯದೇ ಆದ ಲೈಪ್‌ಜಿಗ್ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬರು 3,000 ಕರಡಿ ಕೇಳಿದರು. ನಕಲಿಗಳ ಕಾಟ ತಪ್ಪಿಸಲು 1904ರಿಂದ ಗೊಂಬೆಯ ಕಿವಿಗೆ ಲೋಹದ ಗುಂಡಿ ಬಂತು, ಈಗಲೂ ಇದೆ. 1907ರಲ್ಲಿ ಒಂದೇ ವರ್ಷಕ್ಕೆ ಸುಮಾರು 9,74,000 ಕರಡಿಗಳನ್ನು ಮಾಡಿದರು. ಅದನ್ನು ಮಾರ್ಗರೆಟೆ ಕಣ್ಣಾರೆ ಕಂಡರು. ಅವರು ತೀರಿಕೊಂಡಿದ್ದು 1909ರಲ್ಲಿ.