‘ಎಷ್ಟ್ ದಿನ ಆಗ್ತದ್ರೀ?’ ಎಂದು ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ. ಕಲಬುರಗಿಯ ನೆಹರೂ ಗಂಜ್‌ ಮಾರುಕಟ್ಟೆಯಲ್ಲಿ ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯವರಿರಲಿ, ದಾಲ್ ಮಿಲ್‌ನವರಿರಲಿ, ಬೀದರಿನ ಕಿರಾಣಿ ಹೋಲ್‌ಸೇಲಿನವರಿರಲಿ: “ಹಳೇ ಸಾಫ್ಟ್‌ವೇರ್‌ದಾಗಿನ ಡೇಟಾ ಹೊಸದ್ರಾಗ ಹಾಕೋದದ. ಎಷ್ಟ್ ದಿನ ಆಗ್ತದ್ರೀ?” ಉತ್ತರ ಬಾಯಿಗೆ ಬರುವ ಮೊದಲೇ ಪ್ರಶ್ನೆಯ ಬಾಲವೂ ಬಂದಿರುತ್ತದೆ: “ಸುಮ್ಮ ಕಾಪಿ ಹೊಡದು ಪೇಸ್ಟ್ ಮಾಡೋದದಲ್ರೀ, ಅದಕ್ಕೇನ್ ಮಹಾ.” ಇನ್ನು ಮೇಲೆ ಬಾಯಿಂದ ಹೇಳುವುದಿಲ್ಲ, ಇದನ್ನೇ ಕಳಿಸುತ್ತೇನೆ. ಓದಿ, ಆಮೇಲೆ ಫೋನ್ ಮಾಡಿ.

ಉತ್ತರ ಇಷ್ಟು. ಫೈಲ್ ಏರಿಸಲು ಅರ್ಧ ದಿನ. ಒಂದು ಅಂಗಡಿ, ಒಂದೆರಡು ಗೋದಾಮು, ಎರಡು ಸಾವಿರ ಖಾತೆ ಇರುವ ವ್ಯಾಪಾರಕ್ಕೆ ಅದರ ಮುಂಚಿನ ಕೆಲಸ ಆರರಿಂದ ಎಂಟು ವಾರ. ಆ ವಾರಗಳಲ್ಲಿ ಹೆಚ್ಚಿನ ಪಾಲು ನಿಮ್ಮದು ಮತ್ತು ನಿಮ್ಮ ಲೆಕ್ಕ ಬರೆಯುವ ಮುನೀಮರದು, ಕಂಪ್ಯೂಟರಿನವನದಲ್ಲ. “ಬ್ಯಾರೇದಂವ ನಾಕ್ ದಿನಕ್ಕ ಮಾಡಿಕೊಡ್ತೀನಿ ಅಂದಾನ್ರೀ” ಎನ್ನುವವರು ಅವನ ಹತ್ತಿರವೇ ಹೋಗಿ. ನಾಲ್ಕು ದಿನಕ್ಕೂ ಆಗುತ್ತದೆ. ಏನಾಗಿದೆ ಎಂಬುದು ಮುಂದೆ ಜಿಎಸ್‌ಟಿ ರಿಟರ್ನ್ ತುಂಬುವಾಗ ಗೊತ್ತಾಗುತ್ತದೆ.

ಕಾಪಿ-ಪೇಸ್ಟ್ ಎಂದಿರಲ್ಲ, ಅದನ್ನೇ ಮಾಡಿ ನೋಡೋಣ. ಹಳೆಯದರಿಂದ ಐಟಂ ಪಟ್ಟಿ ತೆಗೆದು ಎಕ್ಸೆಲ್‌ನಲ್ಲಿ ತೆರೆದಿರಿ. ತೊಗರಿಯ ಎಚ್‌ಎಸ್‌ಎನ್, ಅಂದರೆ ಜಿಎಸ್‌ಟಿಗೆ ಬಳಸುವ ಸರಕಿನ ಸಂಕೇತ, 0713ರಿಂದ ಶುರುವಾಗುತ್ತದೆ. ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆ ಕಿತ್ತು 713 ಮಾಡುತ್ತದೆ. ರಾಜಸ್ಥಾನದ ಪಾರ್ಟಿಯ ರಾಜ್ಯ ಸಂಕೇತ 08 ಇದ್ದದ್ದು 8 ಆಗುತ್ತದೆ. 15 ಅಂಕಿಗಿಂತ ಉದ್ದದ ಬ್ಯಾಂಕ್ ಖಾತೆ ಸಂಖ್ಯೆಯಿದ್ದರೆ ಹದಿನಾರನೆಯ ಅಂಕಿಯಿಂದ ಮುಂದೆ ಎಲ್ಲ ಸೊನ್ನೆ, ಸೇವ್ ಒತ್ತಿದ ಮೇಲೆ ಅವು ವಾಪಸ್ ಬರುವುದಿಲ್ಲ. ದಿನಾಂಕದ ಕಥೆ ಇನ್ನೂ ಮಜಾ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಿದ್ದರೆ 05/02, ಅಂದರೆ ಫೆಬ್ರವರಿ 5, ಸದ್ದಿಲ್ಲದೆ ಮೇ 2 ಆಗುತ್ತದೆ. 25/02 ಮಾತ್ರ ಅರ್ಥವಾಗದೆ ಅಕ್ಷರವಾಗಿಯೇ ಕೂತಿರುತ್ತದೆ. ಹೀಗೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ಬಿಲ್ಲುಗಳು ವರ್ಷದ ತುಂಬ ಚೆಲ್ಲಾಪಿಲ್ಲಿ. ಒಟ್ಟು ಮೊತ್ತ ನೋಡಿದರೆ ಪೈಸೆ ಫರಕಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಇಂಪೋರ್ಟ್ ಮೂಲಕ ತೆರೆದು ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದು ಗುರುತಿಸಿ. ಏರಿಸಿದ ಮೇಲೆ ವರ್ಷದ ಮೊತ್ತವಲ್ಲ, ತಿಂಗಳುವಾರು ಎಷ್ಟು ವೋಚರ್ (ಬಿಲ್ಲು, ರಶೀದಿಗಳ ನಮೂದು) ಇವೆ ಎಂಬ ಎಣಿಕೆಯನ್ನು ಹಳೆಯದರ ಜೊತೆ ತಾಳೆ ನೋಡಿ.

ಇನ್ನೂ ಫಾಕ್ಸ್‌ಪ್ರೊ ಎಂಬ ಹಳೇ ಕಾಲದ ಡೇಟಾಬೇಸಿನಲ್ಲಿ ಬರೆಸಿದ ಪ್ರೋಗ್ರಾಂ ಓಡಿಸುತ್ತಿರುವವರಿಗೆ ಬೇರೆ ಮಾತು. ಅದು ಡೇಟಾ ಇಡುವ ಡಿಬಿಎಫ್ ಫೈಲಿನಲ್ಲಿ ನೀವು ಅಳಿಸಿದ ಬಿಲ್ಲು ಅಳಿದಿರುವುದಿಲ್ಲ. ಸಾಲಿನ ಮುಂದೆ ‘ಅಳಿಸಿದ್ದು’ ಎಂಬ ಗುರುತು ಬಿದ್ದಿರುತ್ತದೆ ಅಷ್ಟೆ, ಪ್ಯಾಕ್ ಆಜ್ಞೆ ಕೊಡುವವರೆಗೆ ಸಾಲು ಅಲ್ಲೇ ಇರುತ್ತದೆ. ಆ ಗುರುತನ್ನು ಲೆಕ್ಕಿಸದ ಬೇರೊಂದು ಟೂಲ್‌ನಿಂದ ಓದಿದರೆ ಹತ್ತು ವರ್ಷದಲ್ಲಿ ರದ್ದಾದ ಬಿಲ್ಲುಗಳೆಲ್ಲ ಎದ್ದು ಬಂದು ಬಾಕಿ ಕೇಳುತ್ತವೆ. ಟ್ಯಾಲಿ ಲೆಕ್ಕದ ಸಾಫ್ಟ್‌ವೇರಿನಿಂದ ಎಕ್ಸ್‌ಎಂಎಲ್ ಫೈಲಾಗಿ ಡೇಟಾ ತೆಗೆಯುವವರಿಗೂ ಒಂದು ತೊಡಕಿದೆ: ಅದರಲ್ಲಿ ಡೆಬಿಟ್ ಮೊತ್ತ ಮೈನಸ್ ಚಿಹ್ನೆಯ ಜೊತೆ ಬರುತ್ತದೆ. ತಿಳಿಯದೆ ಏರಿಸಿದರೆ ನಿಮಗೆ ಕೊಡಬೇಕಾದವರೆಲ್ಲ ನಿಮ್ಮಿಂದ ಪಡೆಯಬೇಕಾದವರಾಗುತ್ತಾರೆ.

ಕನ್ನಡದಲ್ಲಿ ರೈತರ ಹೆಸರು ಬರೆದಿಟ್ಟವರ ಪಾಡು ಇನ್ನೊಂದು. ಹಳೆಯ ನುಡಿ, ಬರಹ, ಶ್ರೀಲಿಪಿ ಕಾಲದ ಅಕ್ಷರಗಳು ಅಸಲಿಗೆ ಕನ್ನಡವಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂಡಿಸಿದ್ದು. ಫಾಂಟ್ ಇಲ್ಲದ ಕಡೆ ತೆರೆದರೆ ಊರಿನ ಹೆಸರೆಲ್ಲ ತಲೆಯ ಮೇಲೆ ಚುಕ್ಕೆ-ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತಿನಲ್ಲಿ ಎಡವುವುದು ಮಾಮೂಲು. ಹಳೆಯದರಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ‘ಕನಾರ್ಟಕ’ ಎಂದು ಎಲ್ಲೆಲ್ಲೋ ಓದಿದ್ದೀರಲ್ಲ, ಅದು ಹುಟ್ಟುವುದು ಹೀಗೆ. ಪರಿವರ್ತನೆ ಮುಗಿದ ಮೇಲೂ ಒಂದು ಕಾಟ ಉಳಿಯುತ್ತದೆ. ‘ತೊಗರಿ’ಯ ಮೊದಲ ಅಕ್ಷರದಲ್ಲಿರುವ ‘ೊ’ ಗುಣಿತ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಎಂಬ ಎರಡರ ಜೋಡಿಯಾಗಿಯೂ ಇರಬಹುದು. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಎರಡು ಬೇರೆ ಐಟಂ, ಎರಡು ಬೇರೆ ಸ್ಟಾಕ್. ಪರಿವರ್ತನೆಯಾದ ಫೈಲನ್ನು ನಾರ್ಮಲೈಸ್ ಮಾಡದೆ, ಅಂದರೆ ಇಂಥವನ್ನೆಲ್ಲ ಒಂದೇ ರೂಪಕ್ಕೆ ತರದೆ, ಮುಂದೆ ಹೋಗಬಾರದು.

ಇದೆಲ್ಲ ಕಂಪ್ಯೂಟರಿನವನ ತಲೆನೋವು, ಹೌದು. ಇನ್ನು ನಿಮ್ಮದು.

ವಿಳಾಸ ನೋಡಿ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿಯಾಯಿತು, ನಿಮ್ಮ ಪಟ್ಟಿಯಲ್ಲಿ ಎರಡೂ ಇವೆ, ಮೂರು ಸ್ಪೆಲ್ಲಿಂಗಿನಲ್ಲಿ. ಯಾದಗಿರಿ 2009ರ ಕೊನೆಗೆ ಬೇರೆ ಜಿಲ್ಲೆಯಾದರೂ ಶಹಾಪುರ, ಸುರಪುರದ ಪಾರ್ಟಿಗಳು ಇನ್ನೂ ‘ಜಿ. ಗುಲಬರ್ಗಾ’. ಇವು ಬರೀ ಕಣ್ಣಿಗೆ ಕಿರಿಕಿರಿ, ಬಿಟ್ಟರೂ ನಡೆಯುತ್ತದೆ. ನಡೆಯದೇ ಇರುವುದು ತಾಂಡೂರು, ಜಹೀರಾಬಾದ್, ಹೈದರಾಬಾದಿನ ಪಾರ್ಟಿಗಳದು. ತೆಲಂಗಾಣ ಆಗುವ ಮುಂಚೆ ತೆರೆದ ಖಾತೆಗಳಲ್ಲಿ ರಾಜ್ಯ ‘ಆಂಧ್ರಪ್ರದೇಶ’ ಎಂದೇ ಇದೆ. ಹೊಸ ಸಾಫ್ಟ್‌ವೇರ್ ಅದನ್ನು ನಂಬಿ ಆಂಧ್ರದ ಸಂಕೇತ 37 ಹಾಕುತ್ತದೆ, ಇರಬೇಕಾದ್ದು ತೆಲಂಗಾಣದ 36. ತೆರಿಗೆ ಎರಡಕ್ಕೂ ಹೊರರಾಜ್ಯದ ಮಾರಾಟಕ್ಕೆ ಬೀಳುವ ಐಜಿಎಸ್‌ಟಿಯೇ, ಹಾಗಾಗಿ ಬಿಲ್ಲಿನ ಮೊತ್ತದಲ್ಲಿ ತಪ್ಪು ಕಾಣುವುದಿಲ್ಲ. ರಿಟರ್ನ್‌ನಲ್ಲಿ ಮಾಲು ಬೇರೆ ರಾಜ್ಯಕ್ಕೆ ಹೋಗಿರುತ್ತದೆ. ಪಾರ್ಟಿಯ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿಯನ್ನು ರಾಜ್ಯದ ಕಾಲಂ ಜೊತೆ ಹೋಲಿಸಿದರೆ ಹತ್ತು ನಿಮಿಷದಲ್ಲಿ ಎಲ್ಲ ಸಿಗುತ್ತವೆ.

ಐಟಂಗಳಲ್ಲಿ ಪೆಟ್ಟು ಬೀಳುವುದು ಅಳತೆಯಲ್ಲಿ. ಹಳೆಯದು ಕ್ವಿಂಟಲ್, ಹೊಸದು ಕಿಲೋ. ನೂರರಿಂದ ಭಾಗಿಸಿದರೆ ಆಯಿತು ಎನ್ನುತ್ತೀರಿ. ಕ್ವಿಂಟಲ್‌ಗೆ 7,555.50 ರೂಪಾಯಿ ದರ ಕಿಲೋಗೆ 75.555. ಹೊಸದರಲ್ಲಿ ದರಕ್ಕೆ ಎರಡೇ ದಶಮಾಂಶ ಇದ್ದರೆ 75.56 ಆಗುತ್ತದೆ, 200 ಕ್ವಿಂಟಲ್ ಲೋಡಿಗೆ ಸರಿಯಾಗಿ 100 ರೂಪಾಯಿ ಫರಕು. ಖರೀದಿಗೆ ಮುಂಚೆಯೇ ದರದ ಕಾಲಂಗೆ ನಾಲ್ಕು ದಶಮಾಂಶ ಸಿಗುತ್ತದೆಯೇ ಕೇಳಿ. ತೂಕ ಬಾರದಾನ (ಖಾಲಿ ಚೀಲ) ಸಹಿತವೋ ರಹಿತವೋ ಎಂಬುದನ್ನು ಗೋದಾಮಿನವನಿಂದಲೇ ಬರೆಸಿಕೊಳ್ಳಿ. ಇನ್ನೊಂದು: 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಲೇಬಲ್ ಹಾಕಿದ 25 ಕಿಲೋವರೆಗಿನ ಬೇಳೆ ಪ್ಯಾಕಿಗೆ 5% ಜಿಎಸ್‌ಟಿ ಇದೆ, 30 ಕಿಲೋ ಚೀಲಕ್ಕೆ ಇಲ್ಲ. ನಿಮ್ಮ ಹಳೆಯ ಪಟ್ಟಿಯಲ್ಲಿ ‘ತೊಗರಿ ಬ್ಯಾಳಿ’ ಒಂದೇ ಐಟಂ, ತೆರಿಗೆಯನ್ನು ಮುನೀಮರು ನೆನಪಿನಿಂದ ಹಾಕುತ್ತಿದ್ದರು. ಹೊಸದು ಐಟಂ ನೋಡಿ ತೆರಿಗೆ ಹಾಕುತ್ತದೆ. ಒಂದನ್ನು ಒಡೆದು ಎರಡು ಮಾಡಬೇಕು, ಸ್ಟಾಕನ್ನೂ ಎಣಿಸಿ ಹಂಚಬೇಕು. ಇದನ್ನು ಯಾವ ಪ್ರೋಗ್ರಾಂ ಕೂಡ ತಾನಾಗಿ ಮಾಡುವುದಿಲ್ಲ.

“ಹೊಸದ್ರಾಗ ಹೋದ ಮ್ಯಾಲ ನಿಧಾನಕ್ಕ ಸ್ವಚ್ಛ ಮಾಡಿಕೊಂಡ್ರಾತ್ರೀ.” ಇದೂ ಪದೇಪದೇ ಬರುವ ಮಾತು. ಮಿಲ್‌ನವರೇ, ಕಲ್ಲು-ಮಣ್ಣು ಇದ್ದ ತೊಗರಿಯನ್ನು ಜರಡಿ ಹಿಡಿಯದೆ ನೇರ ರೋಲರಿಗೆ ಸುರಿಯುತ್ತೀರೇನು? ಹೊಸದರಲ್ಲಿ ಒಂದು ಬಿಲ್ಲು ಬಿದ್ದ ಖಾತೆಯನ್ನು ಅಳಿಸಲು ಬಿಡುವುದಿಲ್ಲ, ಆಮೇಲೆ ಸ್ವಚ್ಛ ಎಂಬುದಿಲ್ಲ.

ಇಷ್ಟು ಹೇಳಿದ ಮೇಲೂ ನನಗೆ ಅನಿಸುವುದು, ಎಷ್ಟು ದಿನ ಎನ್ನುವ ಬದಲು “ಏನೇನು ತರೋದು ಬ್ಯಾಡ?” ಎಂದು ಒಬ್ಬರಾದರೂ ಕೇಳಬಾರದೆ? ದಿನಗಳ ಲೆಕ್ಕ ನಿಂತಿರುವುದೇ ಅದರ ಮೇಲೆ. ಎಲ್ಲರಿಗೂ ಎಲ್ಲವೂ ಬೇಕು. ಹನ್ನೆರಡು ವರ್ಷದ ಪ್ರತಿ ರಶೀದಿ ಹೊಸದರಲ್ಲಿ ಕಾಣಬೇಕು. ಯಾಕೆ ಎಂದರೆ, “ಇರಲಿ ಬಿಡ್ರಿ.”

ಇರಬಾರದು. ಹೊಸದಕ್ಕೆ ಬರಬೇಕಾದ್ದು ಕಳೆದ ಎರಡು ವರ್ಷದಲ್ಲಿ ವ್ಯವಹಾರ ಮಾಡಿದ ಅಥವಾ ಬಾಕಿ ಇರುವ ಖಾತೆಗಳು, ಈಗಿನ ಐಟಂಗಳು, ಗೋದಾಮುವಾರು ಸ್ಟಾಕ್, ಬ್ಯಾಂಕಿನಲ್ಲಿ ಇನ್ನೂ ಪಾಸಾಗದ ಚೆಕ್‌ಗಳು, ರೈತರಿಗೆ ಕೊಟ್ಟ ಮುಂಗಡ, ಮತ್ತು ತೀರದ ಬಿಲ್ಲುಗಳು. ಉಳಿದದ್ದು ಹಳೆಯದರಲ್ಲೇ ಇರಲಿ. ಎರಡು ಸಾವಿರ ಖಾತೆ ಎನ್ನುವ ಪಟ್ಟಿ ಹೀಗೆ ಜರಡಿಯಾದರೆ ಅರ್ಧಕ್ಕೂ ಇಳಿಯಬಹುದು. ಆಳಂದ, ಚಿಂಚೋಳಿ, ಸೇಡಂ ಕಡೆಯ ಒಂದೇ ಹೆಸರಿನ ಐದು ಶರಣಪ್ಪರಲ್ಲಿ ಯಾರು ಯಾರೆಂದು ಹೇಳಬಲ್ಲವರು ಮುನೀಮರೊಬ್ಬರೇ. ತಂದೆಯ ಹೆಸರು, ಊರು, ಮೊಬೈಲ್ ಸಂಖ್ಯೆ ಮೂರನ್ನೂ ಅವರ ಬಾಯಿಂದ ಬರೆಸಿಕೊಳ್ಳುವುದಕ್ಕೇ ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಅವರಿಗೆ ಬೇರೆ ಕೆಲಸ ಹಚ್ಚಬೇಡಿ.

ತೀರದ ಬಿಲ್ಲುಗಳನ್ನು ಬಿಲ್ಲುವಾರು ತರಬೇಕು, ಇಡಿಗಂಟಾಗಿ ಅಲ್ಲ. ಒಬ್ಬ ಪಾರ್ಟಿಯ ಬಾಕಿ 3,40,000 ಎಂದು ಒಂದೇ ಸಾಲು ಹಾಕಿದರೆ ಕಳೆದ ಆಗಸ್ಟಿನ ಬಿಲ್ಲಿಗೂ ಹೊಸದು ಶುರುವಾದ ಏಪ್ರಿಲ್ 1ರ ವಯಸ್ಸು ಬರುತ್ತದೆ. ಬಡ್ಡಿ ಲೆಕ್ಕ ಕೆಟ್ಟಿತು. ಮುಂದೆ ಬಂದ ರೊಕ್ಕವನ್ನು ಯಾವ ಬಿಲ್ಲಿಗೆ ಜಮಾ ಮಾಡಬೇಕೆಂದು ಗೊತ್ತಾಗುವುದಿಲ್ಲ. ನೀವು ಕೊಡಬೇಕಾದ ಕಡೆಯೂ ಅಷ್ಟೆ: ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲಿನ ತೆರಿಗೆಗೆ ಸಿಕ್ಕ ವಜಾ) ವಾಪಸ್ ಕಟ್ಟಬೇಕು, ದಿನಾಂಕವೇ ಇಲ್ಲದ ಮೇಲೆ ಎಣಿಸುವುದು ಎಲ್ಲಿಂದ?

ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್-ಕ್ರೆಡಿಟ್ ಒಟ್ಟು, ತಾಳೆಯಾಯಿತು ಎಂದು ಪೇಢಾ ಹಂಚಬೇಡಿ. ಬಸವಣ್ಣಪ್ಪನ 40,000 ಬಸವರಾಜನ ಖಾತೆಗೆ ಹೋದರೂ ಟ್ರಯಲ್ ಬ್ಯಾಲೆನ್ಸ್ ಅಲುಗಾಡುವುದಿಲ್ಲ. ನೋಡಬೇಕಾದ್ದು ಪಾರ್ಟಿವಾರು ಬಾಕಿ ಪಟ್ಟಿ, ಎರಡೂ ಕಡೆಯದು ಪಕ್ಕಪಕ್ಕ ಇಟ್ಟು. ದೊಡ್ಡ ಬಾಕಿಯ ಐವತ್ತು ಪಾರ್ಟಿಗಳಿಗೆ ವಾಟ್ಸಾಪ್‌ನಲ್ಲಿ ಬ್ಯಾಲೆನ್ಸ್ ಕಳಿಸಿ ಒಪ್ಪಿಗೆ ತರಿಸಿ. ಪಟ್ಟಿಯ ಕೆಳಗೆ ಮುನೀಮರ ಸಹಿ ಇರಲಿ, ನಿಮ್ಮದೂ.

ಯಾವಾಗ ಎಂಬುದಕ್ಕೆ ಎಲ್ಲರ ಬಾಯಲ್ಲೂ ಏಪ್ರಿಲ್ 1. ಲೆಕ್ಕಕ್ಕೆ ಅದೇ ಸರಿ. ಆದರೆ ಡಿಸೆಂಬರ್ ಕೊನೆಗೆ ತೊಗರಿ ಆವಕ ಶುರುವಾದರೆ ಮಾರ್ಚ್‌ವರೆಗೆ ಗಂಜ್‌ನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಫೆಬ್ರವರಿಯಲ್ಲಿ ತಯಾರಿ ಶುರು ಮಾಡುತ್ತೇನೆ ಎನ್ನುವವರು ಮಾಡುವುದಿಲ್ಲ. ಜರಡಿ ಹಿಡಿಯುವ ಕೆಲಸ, ಡೇಟಾ ಏರಿಸಿ ನೋಡುವ ಮೂರು ರಿಹರ್ಸಲ್ ದೀಪಾವಳಿಯ ಆಸುಪಾಸಿನಲ್ಲೇ ಮುಗಿಯಬೇಕು. ಮೂರನೆಯದನ್ನು ಗಡಿಯಾರ ಹಿಡಿದು ಮಾಡಿ, ಬ್ಯಾಕಪ್‌ನಿಂದ ಹಿಡಿದು ತಾಳೆಯವರೆಗೆ ಎಷ್ಟು ಗಂಟೆ ಎಂದು ಬರೆದಿಡಿ. ಮಾರ್ಚ್ 31ರ ರಾತ್ರಿ ನಡೆಯುವುದು ಅದರದೇ ಪುನರಾವರ್ತನೆ. ಆಡಿಟ್ ಮುಗಿಯದೆ ಮಾರ್ಚ್‌ನ ಲೆಕ್ಕ ಪಕ್ಕಾ ಆಗುವುದಿಲ್ಲ ಎಂದು ಕಾಯುತ್ತ ಕೂರಬೇಡಿ. ಬಿಲ್ಲು, ಸ್ಟಾಕ್, ನಗದು, ಬ್ಯಾಂಕ್ ಅಂದೇ ಹಾಕಿ. ಸವಕಳಿ, ಬಂಡವಾಳದ ಹೊಂದಾಣಿಕೆ ಆಡಿಟರ್ ಹೇಳಿದ ಮೇಲೆ ಜರ್ನಲ್‌ನಲ್ಲಿ ಬರಲಿ.

ವರ್ಷದ ನಡುವೆ ಬದಲಿಸುವ ಪ್ರಸಂಗ ಬಂದರೆ ಇನ್‌ವಾಯ್ಸ್ ನಂಬರಿನ ಮೇಲೆ ಕಣ್ಣಿಡಿ. ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರ್ ಎರಡು ಸಲ ಬರುವಂತಿಲ್ಲ, 16 ಅಕ್ಷರ ಮೀರುವಂತಿಲ್ಲ. ಹೊಸದು ತನ್ನಷ್ಟಕ್ಕೆ 1ರಿಂದ ಶುರು ಮಾಡಿದರೆ ಬಿಲ್ಲು ನೋಂದಾಯಿಸುವ ಸರ್ಕಾರಿ ಇ-ಇನ್‌ವಾಯ್ಸ್ ಪೋರ್ಟಲ್ ಮೊದಲ ಬಿಲ್ಲನ್ನೇ ತಿರಸ್ಕರಿಸುತ್ತದೆ, ಲಾರಿ ಗೇಟಿನಲ್ಲಿ ನಿಂತಿರುತ್ತದೆ. ಮುಂದೆ ಬೇರೆ ಅಕ್ಷರವಿರುವ ಹೊಸ ಸರಣಿ ಹಾಕಿ.

ಹಳೆಯ, ಹೊಸ ಸಾಫ್ಟ್‌ವೇರ್ ಎರಡನ್ನೂ ತಿಂಗಳುಗಟ್ಟಲೆ ಜೊತೆಗೆ ಓಡಿಸಿ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಬರೆದವರು ಅಡತಿ ಅಂಗಡಿ ನೋಡಿಲ್ಲ. ಎರಡನೇ ವಾರಕ್ಕೆ ಮುನೀಮರು ಒಂದರಲ್ಲಿ ಬರೆಯುವುದನ್ನು ಬಿಡುತ್ತಾರೆ, ಯಾವುದರಲ್ಲಿ ಬಿಟ್ಟರು ಎಂಬುದು ನಿಮಗೆ ಗೊತ್ತಿರುವುದಿಲ್ಲ. ಒಂದು ವಾರ ಸಾಕು, ಅದೂ ದಿನದ ಕೊನೆಗೆ ನಗದು, ಬ್ಯಾಂಕ್, ಸ್ಟಾಕ್ ಮೂರೇ ಅಂಕಿ ಹೋಲಿಸಲು. ಕೈಕೊಟ್ಟರೆ ಹಳೆಯದಕ್ಕೆ ಮರಳುವ ತೀರ್ಮಾನ ಎರಡನೇ ದಿನ ಸಂಜೆಯೊಳಗೆ ಆಗಬೇಕು. ಅದನ್ನು ಯಾರು ಹೇಳಬೇಕೆಂದು ಮೊದಲೇ ಒಬ್ಬರ ಹೆಸರು ಬರೆದಿಡಿ. ಮೂವರು ಅಣ್ಣತಮ್ಮಂದಿರ ಪಾಲುದಾರಿಕೆ ಇದ್ದರೆ ಇದನ್ನು ದಯವಿಟ್ಟು ಎರಡು ಸಲ ಓದಿ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು, ಕಂಪನಿಯಾಗಿದ್ದರೆ ಲೆಕ್ಕಪತ್ರಗಳನ್ನು 8 ವರ್ಷ. ಆ ಕಂಪ್ಯೂಟರ್ ಅಷ್ಟು ದಿನ ಬದುಕುವ ಭರವಸೆಯಿಲ್ಲ. ಅದರ ಹಿಂದೆ ಸಿಕ್ಕಿಸಿದ ಡಾಂಗಲ್ (ಸಾಫ್ಟ್‌ವೇರಿನ ಬೀಗದ ಕೈಯಂಥ ಸಾಧನ) ಹೋದರೆ ಪ್ರೋಗ್ರಾಂ ತೆರೆಯುವುದೂ ಇಲ್ಲ. ಅದು ಓಡುತ್ತಿರುವಾಗಲೇ ಎಲ್ಲ ವರ್ಷಗಳ ಲೆಡ್ಜರ್, ದಿನವಹಿ, ಸ್ಟಾಕ್ ಪುಸ್ತಕಗಳನ್ನು ಪಿಡಿಎಫ್ ಮಾಡಿ, ಡೇಟಾ ಫೋಲ್ಡರಿನ ಪ್ರತಿಯ ಜೊತೆ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಪಿಡಿಎಫ್‌ಗಳಲ್ಲಿ ಒಂದೆರಡನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕನ್ನಡ ಹೆಸರುಗಳು ಓದಲು ಬರುತ್ತವೆಯೇ ನೋಡಿದ ಮೇಲೆ ಹಳೆಯದನ್ನು ಆಫ್ ಮಾಡಿ.