ಲೇಸ್ ಸ್ಕಾರ್ಫ್ ನೀರಿಗಿಳಿಯುವ ದಿನ

ಹೆಣಿಗೆ ಕಡ್ಡಿಯಿಂದ ಆಗಷ್ಟೇ ಇಳಿದ ಲೇಸ್ ಸ್ಕಾರ್ಫ್ ನೋಡಿದರೆ ಯಾರಿಗೂ ಖುಷಿಯಾಗುವುದಿಲ್ಲ. ತೂತುಗಳೆಲ್ಲ ಮುಚ್ಚಿಕೊಂಡು, ಮೈ ಮುದುಡಿ, ಹಳೇ ಕಾಲುಚೀಲದ ಹಾಗಿರುತ್ತದೆ. ಹೆಣೆಯಲು ತಿಂಗಳು ಹಿಡಿದರೂ ಅಂದ ಬರುವುದು ಅದನ್ನು ನೆನೆಸಿ, ಎಳೆದು, ಪಿನ್ನು ಚುಚ್ಚಿ ಒಣಗಿಸುವ ದಿನವೇ. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ.

ಈ ಭಾನುವಾರ ಬೆಂಗಳೂರಿನ ಜಿಟಿಜಿಟಿ ಮಳೆಯಲ್ಲಿ ನೀರಿಗಿಳಿದದ್ದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ‘ಓಲ್ಡ್ ಶೇಲ್’ ವಿನ್ಯಾಸದ ಸ್ಕಾರ್ಫ್. 5 ಮಿ.ಮೀ. ಕಡ್ಡಿ, 200 ಗ್ರಾಂ ಉಣ್ಣೆ ದಾರ. ಒಂದು ಅಲೆಗೆ 18 ಹೊಲಿಗೆ. ಮೂರು ಅಲೆಗೆ 54, ಎರಡೂ ಅಂಚಿಗೆ ಮೂರು ಮೂರು, ಒಟ್ಟು 60. ಅಂಚಿನ ಹೊಲಿಗೆಗಳು ಯಾವಾಗಲೂ ಸೀದಾ (ನಿಟ್). ಮೊದಲ ಸಾಲು ಸೀದಾ, ಎರಡನೆಯದು ಉಲ್ಟಾ (ಪರ್ಲ್). ಆಟವೆಲ್ಲ ಮೂರನೇ ಸಾಲಿನದು: ಎರಡೆರಡು ಹೊಲಿಗೆ ಸೇರಿಸಿ ಮೂರು ಸಲ, ದಾರ ಮುಂದೆ ತಂದು ಒಂದು ಸೀದಾ ಆರು ಸಲ, ಮತ್ತೆ ಎರಡೆರಡು ಸೇರಿಸಿ ಮೂರು ಸಲ. ನಾಲ್ಕನೇ ಸಾಲು ಪೂರ್ತಿ ಸೀದಾ. ಆರು ಹೊಲಿಗೆ ಕಳೆಯುತ್ತವೆ, ಆರು ಹುಟ್ಟುತ್ತವೆ. ಎಣಿಸುವಾಗ 18ರ ಬದಲು 17 ಬಂದರೆ ಸಾಮಾನ್ಯವಾಗಿ ಎಲ್ಲೋ ದಾರ ಮುಂದೆ ತರುವುದು ಬಿಟ್ಟುಹೋಗಿರುತ್ತದೆ. ಬಿಚ್ಚಬೇಕಿಲ್ಲ, ಬಿಟ್ಟುಹೋದ ಜಾಗದ ಎರಡು ಹೊಲಿಗೆಗಳ ನಡುವಿನ ಎಳೆಯನ್ನು ಕಡ್ಡಿಗೆ ಎತ್ತಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಕೊನೆಯ ಸಾಲನ್ನು ಮುಚ್ಚುವಾಗ ಮಾತ್ರ 6 ಮಿ.ಮೀ. ಕಡ್ಡಿ ಬೇಕು. ಬಿಗಿಯಾಗಿ ಮುಚ್ಚಿದ ತುದಿ ಎಷ್ಟು ಎಳೆದರೂ ಅಗಲವಾಗುವುದಿಲ್ಲ, ಅಲೆಯೂ ಏಳುವುದಿಲ್ಲ. ಅದು ಗೊತ್ತಾಗುವುದು ಪಿನ್ನು ಚುಚ್ಚುವಾಗಲೇ, ಅದೇ ಕಷ್ಟ.

ನೀರು ಉಗುರುಬೆಚ್ಚಗಿರಲಿ, ಒಂದು ಚಮಚ ಶಾಂಪೂ ಸಾಕು. ಇಪ್ಪತ್ತು ನಿಮಿಷ ಸುಮ್ಮನೆ ಮುಳುಗಿಸಿಡಬೇಕು. ತಿಕ್ಕುವ, ಹಿಂಡುವ ಕೈಚಳಕ ಇಲ್ಲಿ ಬೇಡವೇ ಬೇಡ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲಿನಂಥ, ಕಣ್ಣಿಗೆ ಕಾಣದ ಪೊರೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಷ್ಟು ಗಟ್ಟಿಯಾಗುತ್ತದೆ. ಮತ್ತೆ ಬಿಡಿಸಲು ಬರುವುದಿಲ್ಲ. ಎತ್ತುವಾಗಲೂ ಒಂದು ತುದಿ ಹಿಡಿದು ಎತ್ತಬಾರದು, ನೀರಿನ ಭಾರಕ್ಕೆ ಜೋತುಬೀಳುತ್ತದೆ. ಎರಡೂ ಕೈಯಲ್ಲಿ ಮುದ್ದೆಯಾಗಿ ಎತ್ತಿ, ಟವೆಲಿನಲ್ಲಿ ಸುತ್ತಿ, ಮೇಲೆ ನಿಂತು ತುಳಿದರೆ ನೀರು ಹೋಗುತ್ತದೆ.

ಹಾಸಲು ಮಕ್ಕಳ ಫೋಮ್ ಮ್ಯಾಟೇ ಸಾಕು. 60 ಸೆಂ.ಮೀ.ನ ಮೂರು ತುಂಡು ಜೋಡಿಸಿದರೆ 180. ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಎಳೆದು, ಅಂಚಿನುದ್ದಕ್ಕೂ ನಾಲ್ಕು ಸೆಂ.ಮೀ.ಗೊಂದು ಸ್ಟೇನ್‌ಲೆಸ್ ಪಿನ್ನು. ಎರಡೂ ತುದಿಗಳಲ್ಲಿ ಪ್ರತಿ ಅಲೆಯ ನೆತ್ತಿಗೆ ಒಂದೊಂದು. ಸಾದಾ ಗುಂಡುಪಿನ್ನು ಬೇಡ, ರಾತ್ರಿ ಕಳೆಯುವಷ್ಟರಲ್ಲಿ ತುಕ್ಕಿನ ಚುಕ್ಕೆ ಬಿಡುತ್ತದೆ. 28 ಸೆಂ.ಮೀ. ಅಗಲ ಇದ್ದದ್ದು 34 ಆಯಿತು, 140 ಉದ್ದ 165ಕ್ಕೆ ಬಂತು. ಬಾಗಿಲಲ್ಲಿ ಇಣುಕಿದವರು “ಏನ್ರೀ ಇದು, ಸ್ಕಾರ್ಫಿಗೆ ಶರಶಯ್ಯೆನಾ?” ಎನ್ನದೆ ಹೋಗುವುದಿಲ್ಲ.

ಇಷ್ಟೆಲ್ಲ ಉಣ್ಣೆಗೆ ಮಾತ್ರ. ಚಿಕ್ಕಪೇಟೆಯಲ್ಲಿ ಉಲನ್ ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಅಕ್ರಿಲಿಕ್ ಎಂಬ ಕೃತಕ ದಾರ. ಲೇಬಲ್ ಇಲ್ಲದಿದ್ದರೆ ಒಂದಿಂಚು ದಾರ ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ನೆನೆಸಿ ಪಿನ್ನು ಚುಚ್ಚಿದರೂ ಬಿಚ್ಚಿದ ಮೇಲೆ ಮೊದಲಿನಂತೇ ಮುದುಡುತ್ತದೆ. ಅದಕ್ಕೆ ಇಸ್ತ್ರಿಪೆಟ್ಟಿಗೆಯ ಹಬೆಯನ್ನು ಮೇಲಿಂದ, ತಾಗಿಸದೆ ಹಿಡಿಯಬೇಕು; ಜಾಸ್ತಿಯಾದರೆ ದಾರ ಜೀವ ಕಳೆದುಕೊಂಡು ಜೋಲುತ್ತದೆ. ಮಕ್ಕಳಿಗೆ ದಿನಾ ಒಗೆಯುವ ಸ್ಕಾರ್ಫಿಗೆ ಅಕ್ರಿಲಿಕ್ಕೇ ಸರಿ, ಲೇಸಿಗಲ್ಲ.

ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ದಿನವೇ ಬೇಕಾಗಬಹುದು. ತಣ್ಣಗೆ ಅನಿಸಿದರೆ ಇನ್ನೂ ಒದ್ದೆಯಿದೆ ಎಂದೇ ಲೆಕ್ಕ. ಆಗ ಪಿನ್ನು ತೆಗೆದರೆ ಎಳೆದದ್ದೆಲ್ಲ ವ್ಯರ್ಥ. ಒಳಗೆ ಪೋಣಿಸಿದ ದಾರದ ತುದಿಗಳನ್ನು ಕತ್ತರಿಸುವುದು ಇದಾದ ಮೇಲೆಯೇ. ಮೊದಲೇ ಕತ್ತರಿಸಿದ್ದರೆ ಬಟ್ಟೆ ಹಿಗ್ಗುವಾಗ ತುದಿ ಒಳಕ್ಕೆ ಜಾರಿ, ಹೊಲಿಗೆ ಸಡಿಲವಾಗುತ್ತಿತ್ತು.