ಸಾಕಿದ ನಾಯಿ ಮನೆಯವರಿಗೇ ಯಾಕೆ ಕಚ್ಚುತ್ತೆ?

ಮೂಡಿಗೆರೆ ಸಂತೆಯಲ್ಲಿ ಸಿಕ್ಕರೂ, ಮದುವೆ ಮನೆಯಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಇದೇ: "ಅಕ್ಕಾ, ಇಷ್ಟು ದಿನ ಸುಮ್ನಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು. ಯಾಕೆ?" ತೋಟದ ಮನೆಯಲ್ಲಿ 20 ವರ್ಷದಿಂದ ನಾಯಿ ಸಾಕುತ್ತಿದ್ದೇನಲ್ಲ, ಅದಕ್ಕೆ. ನಾನು ತಿರುಗಿ ಕೇಳುತ್ತೇನೆ: ಯಾವಾಗ, ಎಲ್ಲಿ, ಯಾರಿಗೆ ಕಚ್ಚಿತು? ನಾಯಿಯ ಸಿಟ್ಟೆಲ್ಲ ಒಂದೇ ಥರದ್ದಲ್ಲ.

ಮೊದಲು ನೋವಿದೆಯಾ ನೋಡಿ. ಒಂದು ಮಳೆಗಾಲದಲ್ಲಿ ನಮ್ಮ ಕರಿಯ, ತಲೆ ಸವರಲು ಹೋದ ಮಗಳ ಕೈಗೆ ಬಾಯಿ ಹಾಕಿದ. ಮನೆಯವರೆಲ್ಲ ಬೈದೆವು. ಆಮೇಲೆ ನೋಡಿದರೆ ಜೋಲು ಕಿವಿಯೊಳಗೆ ಕೀವು! ಡಾಕ್ಟರು ತೊಳೆದು ಔಷಧಿ ಕೊಟ್ಟರು. ಕಿವಿ ವಾಸಿಯಾದ ಮೇಲೆ ಅವನು ಮತ್ತೆ ಮೊದಲಿನ ಕರಿಯನೇ. ನಮ್ಮ ಮಲೆನಾಡಿನ ಮಳೆಯಲ್ಲಿ ಕಿವಿ ಒದ್ದೆಯಾಗಿಯೇ ಉಳಿಯುತ್ತದೆ. ಮೂಗಿನೊಳಗೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಸೇರುವುದೂ ಉಂಟು. ಆಗ ಸೀನುತ್ತದೆ, ರಕ್ತ ಬರುತ್ತದೆ, ಮುಖ ಮುಟ್ಟಲು ಬಿಡುವುದಿಲ್ಲ.

ನೋವಿಲ್ಲ ಅಂದರೆ ನಾನು ಮೊದಲು ಅನುಮಾನಿಸುವುದು ಭಯವನ್ನು. "ನಮ್ಮ ನಾಯಿ ಭಾರಿ ಜೋರು" ಅನ್ನುತ್ತಾರಲ್ಲ, ಅಂಥ ಎಷ್ಟೋ ನಾಯಿಗಳು ಒಳಗೊಳಗೇ ಹೆದರಿರುತ್ತವೆ. ಮರಿಗೆ 3 ವಾರದಿಂದ ಸುಮಾರು 3 ತಿಂಗಳವರೆಗೆ ಲೋಕ ಪರಿಚಯವಾಗುವ ಕಾಲ. ಆಗ ಮನೆಯ ನಾಲ್ಕು ಮುಖ ಬಿಟ್ಟು ಬೇರೇನೂ ನೋಡದ ಮರಿ, ಕಾಫಿ ಕುಯ್ಲಿಗೆ ಬರುವ ಆಳುಗಳನ್ನು, ತಲೆ ಮೇಲಿನ ಮೂಟೆಯನ್ನು, ತಲೆ ಮೇಲಿಂದ ಹೊದ್ದ ಕಂಬಳಿ ಕೊಪ್ಪೆಯನ್ನು ಕಂಡು ಬೆದರುತ್ತದೆ. ಓಡಲು ದಾರಿ ಇಲ್ಲದಿದ್ದರೆ ಕಚ್ಚುತ್ತದೆ. ದೀಪಾವಳಿ ಪಟಾಕಿಗೆ ಹೆದರಿ ಮಂಚದಡಿ ಸೇರಿದ ನಾಯಿಯನ್ನು ಕೈ ಹಾಕಿ ಎಳೆಯಬೇಡಿ.

ಗೇಟಿನ ಹತ್ತಿರ ಹಾರಾಡುವುದು ಜಾಗದ ಕಾವಲು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಬೇಲಿಯಾಚೆ ಮಂಗ ಕಂಡು ಕೂಗಾಡುತ್ತಿದ್ದ ಎರಡು ನಾಯಿಗಳು, ಮಂಗ ಸಿಗದೆ ಒಂದರ ಮೇಲೊಂದು ಬೀಳುವುದೂ ಇದೆ. ನಡುವೆ ಕೈ ಹಾಕಿದವರಿಗೇ ಆಗ ಗಾಯ. ಮರಿ ಹಾಕಿದ ತಾಯಿಯ ಸಿಟ್ಟು ಬೇರೆ, ಅದು ಮರಿಗಳು ದೊಡ್ಡವಾಗುತ್ತಾ ಇಳಿಯುತ್ತದೆ.

ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತದೆಯಾ? ಅಭ್ಯಾಸವಾಗಲಿ ಎಂದು ತಟ್ಟೆಗೆ ಕೈ ಹಾಕುವವರಿದ್ದಾರೆ. ಅದು ತಪ್ಪು. ದೂರದಿಂದಲೇ ಒಂದು ಮಾಂಸದ ಚೂರು ಎಸೆದು ಬಂದುಬಿಡಿ. ದಿನಾ ಹೀಗೆ ಮಾಡಿ. ನೀವು ಬಂದರೆ ಊಟ ಹೋಗುವುದಿಲ್ಲ, ಬರುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು.

ಗುರ್ ಅಂದದ್ದಕ್ಕೆ ಮಾತ್ರ ದಯವಿಟ್ಟು ಹೊಡೆಯಬೇಡಿ. ಅದು "ಬೇಡ" ಎಂದು ಹೇಳುತ್ತಿದೆ. ಹೊಡೆದರೆ ಹೇಳುವುದನ್ನು ಬಿಡುತ್ತದೆ, ಭಯ ಒಳಗೇ ಉಳಿಯುತ್ತದೆ. ಆಮೇಲೆ ಸದ್ದಿಲ್ಲದೆ ಕಚ್ಚಬಹುದು. "ಇದ್ದಕ್ಕಿದ್ದ ಹಾಗೆ" ಅನ್ನುವುದು ಎಷ್ಟೋ ಸಲ ಇದೇ. ಗುರ್ ಅನ್ನುವುದಕ್ಕೂ ಮೊದಲೇ ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮೈ ಬಿಗಿಯಾಗುತ್ತದೆ. ಬಾಲ ಆಡಿಸಿದರೆ ಖುಷಿ ಅಂತಲ್ಲ. ಮೇಲೆತ್ತಿ ಬಿಗಿಯಾಗಿ ಆಡಿಸುವ ಬಾಲ ಕಂಡರೆ ದೂರ ನಿಲ್ಲಿ.

ಕಚ್ಚಿದ್ದು ನಿಮ್ಮದೇ ನಾಯಿಯಾದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಯ ನಡವಳಿಕೆ ಪೂರ್ತಿ ಬದಲಾಗಿ ಜೊಲ್ಲು ಸುರಿಯುತ್ತಿದ್ದರೆ ಹತ್ತಿರ ಹೋಗದೆ ಪಶುವೈದ್ಯರಿಗೆ ಫೋನ್ ಮಾಡಿ.